ನೈರೋಬಿಯಲ್ಲಿ ಸ್ವಂತ ಅಂಗಡಿ: ಮೊದಲ ಕಾಗದದಿಂದ ಮೊದಲ ಗಿರಾಕಿವರೆಗೆ

"ಅಣ್ಣಾ, ಅಲ್ಲಿ ಅಂಗಡಿ ಹಾಕೋಕೆ ಎಷ್ಟು ದುಡ್ಡು ಬೇಕು?" ಹಿರಿಯೂರಿನಿಂದ, ತುಮಕೂರಿನಿಂದ, ಒಮ್ಮೊಮ್ಮೆ ದುಬೈನಿಂದಲೂ ಹುಡುಗರು ಫೋನ್ ಮಾಡಿ ಮೊದಲು ಕೇಳುವುದು ಇದನ್ನೇ. ನಾನು ತಿರುಗಿ ಕೇಳುವುದು ಬೇರೆ: "ಯಾರ ಹೆಸರಲ್ಲಿ ಹಾಕ್ತೀಯಪ್ಪಾ?" ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಬರುವುದಿಲ್ಲ.

ಊರಲ್ಲಿ ನನ್ನದು ಮೋಟಾರ್ ವೈಂಡಿಂಗ್ ಕೆಲಸ. ಕೀನ್ಯಾಗೆ ಬಂದದ್ದು ಒಂದು ಕಂಪನಿಯ ಪಂಪ್ ಮೆಕ್ಯಾನಿಕ್ ಆಗಿ. ಈಗ ನೈರೋಬಿಯಲ್ಲಿ ಪಂಪ್‌ಸೆಟ್ ಬಿಡಿಭಾಗದ ಸ್ವಂತ ಅಂಗಡಿ ಇದೆ. ಇದು ನನ್ನ ಎರಡನೇ ಅಂಗಡಿ. ಮೊದಲನೆಯದು ಯಾಕೆ ಹೋಯಿತು ಅನ್ನುವುದನ್ನು ಪರ್ಮಿಟ್ ವಿಷಯ ಬಂದಾಗ ಹೇಳುತ್ತೇನೆ. ನೀವು ಏನು, ಯಾವ ಕ್ರಮದಲ್ಲಿ ಮಾಡಬೇಕು ಅಂತ ಒಂದೊಂದಾಗಿ ಬರೆಯುತ್ತಿದ್ದೇನೆ. ದಯವಿಟ್ಟು ಕ್ರಮ ತಪ್ಪಿಸಬೇಡಿ. ನಾನು ಕಂಡಂತೆ ಇಲ್ಲಿ ದುಡ್ಡು ಕಳೆದುಕೊಂಡವರಲ್ಲಿ ಜಾಸ್ತಿ ಜನ ಮೂರನೇ ಕೆಲಸವನ್ನು ಮೊದಲು ಮಾಡಿದವರು.

ಮೊದಲು ಸುಮ್ನೆ ಬಂದು ನೋಡಿ

ಕೀನ್ಯಾ 2024ರ ಜನವರಿಯಿಂದ ವೀಸಾ ತೆಗೆದುಹಾಕಿ ಇಟಿಎ ಅನ್ನುವ ಆನ್‌ಲೈನ್ ಅನುಮತಿ ತಂದಿದೆ. ಅದರಲ್ಲಿ ಬಂದು 90 ದಿನದವರೆಗೆ ಇರಬಹುದು. ಊರು ಸುತ್ತಬಹುದು, ಜನರನ್ನು ಭೇಟಿ ಮಾಡಬಹುದು. ಆದರೆ ಅಂಗಡಿಯಲ್ಲಿ ಕೂತು ವ್ಯಾಪಾರ ಮಾಡುವಂತಿಲ್ಲ.

ಹೊರಡುವ ಮುಂಚೆ ಹಳದಿ ಜ್ವರದ ಲಸಿಕೆ ಹಾಕಿಸಿ. ಸರ್ಕಾರ ಗುರುತಿಸಿದ ಕೇಂದ್ರದಲ್ಲೇ ಹಾಕಿಸಬೇಕು, ಪ್ರಯಾಣಕ್ಕೆ ಕನಿಷ್ಠ 10 ದಿನ ಮೊದಲೇ ಹಾಕಿಸಬೇಕು. ಆ ಹಳದಿ ಪುಸ್ತಕ ಇಲ್ಲದೆ ಕೀನ್ಯಾದಿಂದ ವಾಪಸ್ ಬಂದರೆ ನಮ್ಮ ವಿಮಾನ ನಿಲ್ದಾಣದಲ್ಲಿ 6 ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಇನ್ನೊಂದು, ಪ್ಲಾಸ್ಟಿಕ್ ಕೈಚೀಲ. ಕೀನ್ಯಾದಲ್ಲಿ 2017ರಿಂದ ಅದಕ್ಕೆ ಕಟ್ಟುನಿಟ್ಟಾದ ನಿಷೇಧ ಇದೆ. ಅಮ್ಮ ಚಟ್ನಿಪುಡಿ, ಹಪ್ಪಳವನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಕೊಟ್ಟಿದ್ದರೆ ಬಟ್ಟೆ ಚೀಲಕ್ಕೋ ಡಬ್ಬಿಗೋ ಹಾಕಿಕೊಳ್ಳಿ.

ನೈರೋಬಿ ಸಮುದ್ರಮಟ್ಟದಿಂದ ಸುಮಾರು 1,700 ಮೀಟರ್ ಎತ್ತರದಲ್ಲಿದೆ. ಮಡಿಕೇರಿಗಿಂತಲೂ ಎತ್ತರ. ಜುಲೈನಲ್ಲಿ ಸ್ವೆಟರ್ ಬೇಕೇ ಬೇಕು. ಆಫ್ರಿಕಾ ಅಂದರೆ ಬಿಸಿಲು ಅಂದುಕೊಂಡು ಬಂದವರು ಮೊದಲ ವಾರವೇ ನೆಗಡಿ ಹಿಡಿದು ಮಲಗುತ್ತಾರೆ.

ಬಂದ ಮೇಲೆ ಒಂದು ನೋಟ್‌ಬುಕ್ ಇಟ್ಟುಕೊಂಡು ನಡೆಯಿರಿ. ಗಾಡಿ ಬಿಡಿಭಾಗ ಬೇಕಾದರೆ ಕಿರಿನ್ಯಾಗಾ ರಸ್ತೆ, ಎಲೆಕ್ಟ್ರಾನಿಕ್ಸ್ ಬೇಕಾದರೆ ಲುಥುಲಿ ಅವೆನ್ಯೂ, ಹಳೆ ಬಟ್ಟೆಯ ಸಗಟು ವ್ಯಾಪಾರಕ್ಕೆ ಗಿಕೊಂಬಾ, ತಗಡು ಬಡಿದು ಒಲೆ, ಪೆಟ್ಟಿಗೆ ಮಾಡುವವರನ್ನು ನೋಡಬೇಕಾದರೆ ಕಮುಕುಂಜಿ. ನೀವು ಮಾರಬೇಕೆಂದಿರುವ ವಸ್ತುವಿನ ಬೆಲೆಯನ್ನು ಹತ್ತು ಅಂಗಡಿಯಲ್ಲಿ ಕೇಳಿ ಬರೆದುಕೊಳ್ಳಿ. ಒಂದು ತಿಂಗಳು ಬಿಟ್ಟು ಮತ್ತೆ ಕೇಳಿ. ನಾನು ಬಂದಾಗ ನಮ್ಮ ಮಾಲೇ ಅಗ್ಗ ಅಂದುಕೊಂಡಿದ್ದೆ. ಚೀನಾದಿಂದ ಬಂದ ಮಾಲು ಅದಕ್ಕಿಂತ ಅಗ್ಗವಾಗಿ ಸಿಗುತ್ತಿತ್ತು. ನಾನು ಉಳಿದುಕೊಂಡದ್ದು ರಿಪೇರಿಯಿಂದ, ಬೆಲೆಯಿಂದಲ್ಲ. ನೋಟ್‌ಬುಕ್ ಇಲ್ಲದಿದ್ದರೆ ಇದು ಗೊತ್ತಾಗುವ ಹೊತ್ತಿಗೆ ಮಾಲು ಬಂದರಿನಲ್ಲಿ ಇರುತ್ತಿತ್ತು.

ಇಲ್ಲಿನ ಭಾಷೆ ಸ್ವಾಹಿಲಿಯನ್ನು ಈ ತಿಂಗಳುಗಳಲ್ಲೇ ಶುರು ಮಾಡಿ. ಅಂಗಡಿಗೆ 'ದುಕಾ' ಅನ್ನುತ್ತಾರೆ. ನಮ್ಮ ಕಡೆಯ ದುಕಾನ್‌ಗೆ ಹತ್ತಿರದ ಪದ ಅದು. ಚಪಾತಿ ಇಲ್ಲಿ ಮನೆಮನೆಯ ಊಟ. 1896ರಿಂದ 1901ರವರೆಗೆ ಮೊಂಬಾಸಾದಿಂದ ವಿಕ್ಟೋರಿಯಾ ಸರೋವರದವರೆಗೆ ರೈಲು ಹಳಿ ಹಾಕಲು ಸುಮಾರು 32,000 ಭಾರತೀಯರನ್ನು ಕರೆತಂದಿದ್ದರು. ಆ ಹಳಿಯ ಪಕ್ಕದಲ್ಲೇ ದುಕಾಗಳು ಹುಟ್ಟಿದವು. ಹಾಗಾಗಿ ಭಾರತೀಯ ವ್ಯಾಪಾರಿಯ ಬಗ್ಗೆ ಇಲ್ಲಿನವರಿಗೆ ನೂರು ವರ್ಷದ ಅಭಿಪ್ರಾಯ ಇದೆ. ಒಳ್ಳೆಯದೂ ಇದೆ, ಕೆಟ್ಟದ್ದೂ ಇದೆ. ಅದು ನಿಮ್ಮ ಅಂಗಡಿಯ ಬಾಗಿಲಲ್ಲೂ ನಿಂತಿರುತ್ತದೆ. ಅವರ ಭಾಷೆಯಲ್ಲಿ ನಾಲ್ಕು ಮಾತಾಡಿದರೆ ಮುಖ ಅರಳುತ್ತದೆ.

ಸಮಯ ಹೇಳುವಾಗ ಮಾತ್ರ ಹುಷಾರು. ಸ್ವಾಹಿಲಿಯಲ್ಲಿ ಗಂಟೆ ಎಣಿಸುವುದು ಬೆಳಕು ಹರಿದ ಮೇಲಿನಿಂದ. ಬೆಳಿಗ್ಗೆ 7 ಗಂಟೆಗೆ 'ಸಾ ಮೋಜಾ', ಅಂದರೆ ಒಂದು ಗಂಟೆ. 'ಸಾ ತಾತು', ಅಂದರೆ ಮೂರು ಗಂಟೆ ಅಂದರೆ ಬೆಳಿಗ್ಗೆ 9. ನಮ್ಮ ಅಜ್ಜಂದಿರು ಸೂರ್ಯ ಹುಟ್ಟಿದಾಗಿನಿಂದ ಘಳಿಗೆ ಎಣಿಸುತ್ತಿದ್ದ ಹಾಗೆಯೇ ಅಲ್ವಾ?

ಪರ್ಮಿಟ್: ಇಲ್ಲೇ ಎಲ್ಲ ತೀರ್ಮಾನ ಆಗುತ್ತದೆ

ಕಂಪನಿ ತೆರೆಯುವುದು ಬೇರೆ, ಆ ಕಂಪನಿಯಲ್ಲಿ ನೀವೇ ಕೂತು ಕೆಲಸ ಮಾಡುವುದು ಬೇರೆ. ಎರಡನೆಯದಕ್ಕೆ ಪರ್ಮಿಟ್ ಬೇಕು. ನೌಕರಿಗೆ ಬಂದವರಿಗೆ ಸಿಗುವುದು ಕ್ಲಾಸ್ ಡಿ. ಅದು ನಿಮ್ಮನ್ನು ಕರೆಸಿದ ಕಂಪನಿಗೆ, ಆ ಕೆಲಸಕ್ಕೆ ಮಾತ್ರ. ಸ್ವಂತ ವ್ಯಾಪಾರಕ್ಕೆ ಬೇಕಾದದ್ದು ಕ್ಲಾಸ್ ಜಿ. ಇದಕ್ಕೆ ಕನಿಷ್ಠ 1,00,000 ಅಮೆರಿಕನ್ ಡಾಲರ್ ಬಂಡವಾಳ ಇದೆ ಅಂತ ದಾಖಲೆ ತೋರಿಸಬೇಕು. ನಮ್ಮ ದುಡ್ಡಲ್ಲಿ 85 ಲಕ್ಷಕ್ಕೂ ಮೇಲೆ. ಅಣ್ಣತಮ್ಮ ಇಬ್ಬರೂ ಬಂದು ಅಂಗಡಿ ನಡೆಸುತ್ತೀರಿ ಅಂದರೆ ಇಬ್ಬರಿಗೂ ಬೇರೆ ಬೇರೆ ಪರ್ಮಿಟ್ ಬೇಕು.

ಈ ಮೊತ್ತ ಕೇಳಿದ ಕೂಡಲೇ ಯಾರಾದರೊಬ್ಬರು ಕಿವಿಯಲ್ಲಿ ಹೇಳುತ್ತಾರೆ: "ಇಲ್ಲಿಯವರ ಹೆಸರಲ್ಲಿ ಮಾಡು, ದುಡ್ಡು ನೀನು ಹಾಕು." ನಾನು ಹಾಗೇ ಮಾಡಿದೆ. ನೌಕರಿಯಲ್ಲಿದ್ದಾಗಲೇ, ಕ್ಲಾಸ್ ಡಿ ಪರ್ಮಿಟ್ ಇಟ್ಟುಕೊಂಡು, ಪರಿಚಯದ ಒಬ್ಬರ ಹೆಸರಲ್ಲಿ ಅಂಗಡಿ ತೆರೆದೆ. ಬಾಡಿಗೆ ಕರಾರು ಅವರದ್ದು, ಫೋನಿನಲ್ಲೇ ದುಡ್ಡು ಪಡೆಯುವ ಎಂ-ಪೆಸಾ ನಂಬರ್ ಅವರದ್ದು, ಕೌಂಟಿ (ಇಲ್ಲಿನ ಸ್ಥಳೀಯ ಸರ್ಕಾರ) ಲೈಸೆನ್ಸ್ ಅವರದ್ದು. ಮಾಲು ಮಾತ್ರ ನನ್ನದು. 14 ತಿಂಗಳು ಚೆನ್ನಾಗಿಯೇ ನಡೆಯಿತು. ಒಂದು ಸೋಮವಾರ ಹೋದರೆ ಬೀಗ ಬೇರೆ ಇತ್ತು. ಪೊಲೀಸರ ಹತ್ತಿರ ಹೋಗುವ ಹಾಗಿರಲಿಲ್ಲ. ಹೋದರೆ ಮೊದಲ ಪ್ರಶ್ನೆ, ನಿನ್ನ ಪರ್ಮಿಟ್‌ನಲ್ಲಿ ಅಂಗಡಿ ನಡೆಸಬಹುದು ಅಂತ ಎಲ್ಲಿದೆ? ತಪ್ಪು ನನ್ನಿಂದಲೇ ಶುರುವಾಗಿತ್ತು. ಹೆಂಡತಿಗೆ ಇದನ್ನು ಹೇಳಲು ನನಗೆ ಮೂರು ವಾರ ಹಿಡಿಯಿತು. ಅದಕ್ಕೇ ಈ ಜಾಗದಲ್ಲಿ ಇಷ್ಟು ಒತ್ತಿ ಬರೆಯುತ್ತಿದ್ದೇನೆ.

ಅಷ್ಟು ಬಂಡವಾಳ ಇಲ್ಲದಿದ್ದರೆ ಎರಡು ನೇರ ದಾರಿ ಇವೆ. ಒಂದು, ಊರಲ್ಲೇ ಇದ್ದು ಇಲ್ಲಿನ ವ್ಯಾಪಾರಿಗೆ ಮಾಲು ಕಳಿಸುವ ರಫ್ತುದಾರ ಆಗಿ. ಇದನ್ನು ಸಣ್ಣದು ಅಂದುಕೊಳ್ಳಬೇಡಿ, ಎರಡು ವರ್ಷ ಕಳಿಸಿದರೆ ಮಾರುಕಟ್ಟೆ ಪೂರ್ತಿ ಅರ್ಥವಾಗುತ್ತದೆ. ಇನ್ನೊಂದು, ಇಲ್ಲಿನ ಕಂಪನಿಯಲ್ಲಿ ನಿಮ್ಮ ಹೆಸರಲ್ಲೇ ಷೇರು ತೆಗೆದುಕೊಳ್ಳಿ. ಷೇರು ಇಟ್ಟುಕೊಳ್ಳಲು ಪರ್ಮಿಟ್ ಬೇಡ. ಅಂಗಡಿ ನಡೆಸಲು ಸ್ಥಳೀಯ ಮ್ಯಾನೇಜರ್ ಇರಲಿ. ನಾನು ಎರಡನೇ ಸಲ ಹಿರಿಯೂರಿನ ಸೈಟ್ ಮಾರಿ, ಉಳಿತಾಯ ಸೇರಿಸಿ, ಭಾವನ ಪಾಲು ಕೂಡಿಸಿ ಕ್ಲಾಸ್ ಜಿ ಮಾಡಿಸಿಕೊಂಡೆ. ಭಾವ ಷೇರುದಾರ ಅಷ್ಟೇ, ಊರಲ್ಲೇ ಇದ್ದಾನೆ.

ಪರ್ಮಿಟ್ ಬಂದ ಮೇಲೆ ವಿದೇಶಿಯರ ಗುರುತಿನ ಚೀಟಿ ಮಾಡಿಸಿ. 90 ದಿನಕ್ಕಿಂತ ಜಾಸ್ತಿ ಇರುವವರಿಗೆ ಅದು ಕಡ್ಡಾಯ.

ಕಂಪನಿ ನೋಂದಣಿ

ಇದು ಸುಲಭ. ಕ್ಲಾಸ್ ಜಿ ಅರ್ಜಿಗೆ ಕಂಪನಿಯ ನೋಂದಣಿ ಕಾಗದವೂ ಬೇಕು, ಹಾಗಾಗಿ ಆ ಅರ್ಜಿ ಹಾಕುವ ಮುಂಚೆಯೇ ಇದನ್ನು ಮುಗಿಸಿ. ಇ-ಸಿಟಿಜನ್ ಅನ್ನುವ ಸರ್ಕಾರಿ ಪೋರ್ಟಲ್ ಮೂಲಕ ಬಿಸಿನೆಸ್ ರಿಜಿಸ್ಟ್ರೇಶನ್ ಸರ್ವಿಸ್‌ಗೆ ಅರ್ಜಿ ಹಾಕಬೇಕು. ಮೊದಲು ಹೆಸರು ಕಾಯ್ದಿರಿಸಿ, ಆಮೇಲೆ ಫಾರಂ ತುಂಬಿ. 2015ರ ಕಂಪನಿ ಕಾಯ್ದೆ ಪ್ರಕಾರ ಒಬ್ಬರೇ ಪ್ರೈವೇಟ್ ಲಿಮಿಟೆಡ್ ತೆರೆಯಬಹುದು. ಸಾಮಾನ್ಯ ವ್ಯಾಪಾರಕ್ಕೆ ಸ್ಥಳೀಯ ಪಾಲುದಾರ ಇರಲೇಬೇಕು ಅಂತೇನಿಲ್ಲ. ಇರಲೇಬೇಕು ಅಂತ ಯಾರಾದರೂ ಹೇಳಿದರೆ ಯಾವ ಕಾನೂನು ಅಂತ ಬರೆದುಕೊಡಲು ಕೇಳಿ. 10 ಶೇಕಡಾ ಅಥವಾ ಅದಕ್ಕಿಂತ ಜಾಸ್ತಿ ಪಾಲಿರುವ ನಿಜವಾದ ಮಾಲೀಕರು ಯಾರು ಅನ್ನುವುದನ್ನೂ ಘೋಷಿಸಬೇಕು. ಜೊತೆಗೆ ಕೀನ್ಯಾ ರೆವೆನ್ಯೂ ಅಥಾರಿಟಿಯ ಪಿನ್, ಅಂದರೆ ತೆರಿಗೆ ಸಂಖ್ಯೆ ಬೇಕು, ಕಂಪನಿಗೆ ಒಂದು, ನಿಮಗೆ ಒಂದು.

ಊರಿನಿಂದ ದುಡ್ಡು ತರುವುದು

ನೀವು ಇನ್ನೂ ಭಾರತದಲ್ಲೇ ವಾಸ ಇರುವಾಗ ಕಳಿಸುತ್ತೀರಾದರೆ, ಒಬ್ಬರಿಗೆ ಒಂದು ಹಣಕಾಸು ವರ್ಷದಲ್ಲಿ 2,50,000 ಡಾಲರ್ ಮಿತಿ. ವಿದೇಶಿ ಕಂಪನಿಯ ಷೇರಿಗೆ ಕಳಿಸುವುದು 2022ರ ಸಾಗರೋತ್ತರ ಹೂಡಿಕೆ ನಿಯಮದ ಕೆಳಗೆ ಬರುತ್ತದೆ. ಬ್ಯಾಂಕಿನಲ್ಲಿ ಫಾರಂ ಎಫ್‌ಸಿ ಕೊಟ್ಟು ಗುರುತಿನ ಸಂಖ್ಯೆ ಪಡೆಯಬೇಕು. ಆರು ತಿಂಗಳೊಳಗೆ ಷೇರು ಪತ್ರ ತೋರಿಸಬೇಕು. ಪ್ರತಿ ವರ್ಷ ಡಿಸೆಂಬರ್ 31ರೊಳಗೆ ಕಂಪನಿಯ ವರದಿ ಸಲ್ಲಿಸಬೇಕು. "ಮನೆ ಖರ್ಚಿಗೆ" ಅಂತ ಬರೆದು ಕಳಿಸಿಬಿಡಿ ಅಂತ ಸಲಹೆ ಕೊಡುವವರು ಇದ್ದಾರೆ. ಬೇಡ. ನಾಳೆ ಲಾಭ ವಾಪಸ್ ತರುವಾಗ ಅದು ಯಾವ ಹೂಡಿಕೆಯ ಲಾಭ ಅಂತ ತೋರಿಸಲು ನಿಮ್ಮ ಹತ್ತಿರ ಏನೂ ಇರುವುದಿಲ್ಲ.

ಬಹಳ ಜನ ಮರೆಯುವ ಲೆಕ್ಕ ಇನ್ನೊಂದಿದೆ. ವರ್ಷಕ್ಕೆ 10 ಲಕ್ಷ ರೂಪಾಯಿ ಮೀರಿ ಹೀಗೆ ಹೂಡಿಕೆಗೆ ಕಳಿಸಿದರೆ, ಮೀರಿದ ಮೊತ್ತದ ಮೇಲೆ ಬ್ಯಾಂಕ್ 20 ಶೇಕಡಾ ಟಿಸಿಎಸ್, ಅಂದರೆ ಮುಂಗಡ ತೆರಿಗೆ ಹಿಡಿಯುತ್ತದೆ. 85 ಲಕ್ಷ ಕಳಿಸಿದರೆ 15 ಲಕ್ಷ ಬೇರೆ ಕಟ್ಟಬೇಕು. ರಿಟರ್ನ್ ಸಲ್ಲಿಸಿದಾಗ ತೆರಿಗೆಗೆ ಹೊಂದಿಸಿಕೊಳ್ಳಬಹುದು, ಉಳಿದದ್ದು ವಾಪಸ್ ಬರುತ್ತದೆ. ಆದರೆ ಅಲ್ಲಿಯವರೆಗೆ ಆ ದುಡ್ಡು ನಿಮ್ಮ ಕೈಯಲ್ಲಿ ಇರುವುದಿಲ್ಲ.

ಉದ್ಯೋಗಕ್ಕೋ ವ್ಯಾಪಾರಕ್ಕೋ ದೇಶ ಬಿಟ್ಟವರು ನಮ್ಮ ವಿದೇಶಿ ವಿನಿಮಯದ ಫೆಮಾ ಕಾನೂನಿನಲ್ಲಿ ಅನಿವಾಸಿ ಆಗುತ್ತಾರೆ. ಆಗ ಊರಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ, ಅಂದರೆ ಅನಿವಾಸಿಗಳ ರೂಪಾಯಿ ಖಾತೆಯಾಗಿ ಬದಲಿಸಬೇಕು. ಅಲ್ಲಿಂದ ವರ್ಷಕ್ಕೆ 10 ಲಕ್ಷ ಡಾಲರ್‌ವರೆಗೆ ತೆರಿಗೆ ಕಾಗದಗಳ ಜೊತೆ ಹೊರಗೆ ಕಳಿಸಬಹುದು. ನಾನು ಸೈಟ್ ಮಾರಿದ ದುಡ್ಡು ತಂದದ್ದು ಈ ದಾರಿಯಲ್ಲಿ.

ಅಂಗಡಿ ಹಿಡಿಯುವಾಗ

ಬಾಡಿಗೆ ಕರಾರಿನಲ್ಲಿ "5 ವರ್ಷ 3 ತಿಂಗಳು" ಅಂತ ಕಂಡರೆ ಆಶ್ಚರ್ಯ ಪಡಬೇಡಿ. ಅಂಗಡಿ, ಹೋಟೆಲ್ ಬಾಡಿಗೆದಾರರಿಗೆ ರಕ್ಷಣೆ ಕೊಡುವ ಒಂದು ಕಾನೂನು ಇಲ್ಲಿದೆ. 5 ವರ್ಷ ಮೀರದ ಕರಾರಿಗೆ ಅದು ಅನ್ವಯಿಸುತ್ತದೆ, ಆಗ ಮಾಲೀಕರು ಮನಸ್ಸಿಗೆ ಬಂದಂತೆ ಬಾಡಿಗೆ ಏರಿಸುವಂತಿಲ್ಲ, ಬಿಡಿಸುವಂತಿಲ್ಲ. ಆ ಮೂರು ತಿಂಗಳು ಸೇರಿಸುವುದು ಕಾನೂನಿನಿಂದ ಹೊರಗೆ ಉಳಿಯಲು. ಹಾಗಿರುವ ಕರಾರಿಗೆ ಸಹಿ ಹಾಕಬೇಕಾಗಿ ಬಂದರೆ ವರ್ಷಕ್ಕೆ ಬಾಡಿಗೆ ಎಷ್ಟು ಏರುತ್ತದೆ, ಮಧ್ಯದಲ್ಲಿ ಬಿಡುವುದಾದರೆ ಹೇಗೆ, ಇವೆರಡನ್ನೂ ಅದರಲ್ಲೇ ಬರೆಸಿ. ವಕೀಲರಿಗೆ ಕೊಡುವ ದುಡ್ಡನ್ನು ಇಲ್ಲಿ ಉಳಿಸಬೇಡಿ.

ಪೇಟೆಯ ನಡುವೆ ಅಂಗಡಿ ಬೇಕಾದರೆ ಬಾಡಿಗೆಯ ಜೊತೆಗೆ 'ಗುಡ್‌ವಿಲ್' ಅಂತ ಒಂದು ಗಂಟು ದುಡ್ಡು ಕೇಳುತ್ತಾರೆ. ನಮ್ಮ ಪಗಡಿಯ ಹಾಗೆಯೇ. ಅದಕ್ಕೆ ಸಾಮಾನ್ಯವಾಗಿ ರಸೀದಿ ಸಿಗುವುದಿಲ್ಲ, ಬಿಟ್ಟು ಹೋಗುವಾಗ ವಾಪಸ್ ಬರುವುದೂ ಇಲ್ಲ. ನಾನು ಕೊಡಲಿಲ್ಲ. ಒಂದು ಓಣಿ ಒಳಗೆ, ಮೊದಲ ಮಹಡಿಯಲ್ಲಿ ಹಿಡಿದೆ. ನನ್ನ ಗಿರಾಕಿ ಹುಡುಕಿಕೊಂಡು ಬರುವವರು. ದಾರಿಹೋಕರನ್ನು ನಂಬಿದ ವ್ಯಾಪಾರ ಆದರೆ ಲೆಕ್ಕ ಬೇರೆ. ಜಾಗವನ್ನೇ ಕೊಳ್ಳುವ ಯೋಚನೆ ಇದ್ದರೆ, 2010ರ ಸಂವಿಧಾನದ ಪ್ರಕಾರ ವಿದೇಶಿಯರಿಗೆ ಗರಿಷ್ಠ 99 ವರ್ಷದ ಗುತ್ತಿಗೆ ಮಾತ್ರ.

ಕೌಂಟಿಯ ವ್ಯಾಪಾರ ಪರವಾನಗಿಯನ್ನು ಫ್ರೇಮ್ ಹಾಕಿಸಿ ಬಾಗಿಲ ಹತ್ತಿರವೇ ತೂಗುಹಾಕಿ. ತಪಾಸಣೆಗೆ ಬರುವ ಕೌಂಟಿಯವರನ್ನು ಜನ 'ಕಾಂಜೋ' ಅನ್ನುತ್ತಾರೆ. ಕಾಗದ ಸರಿಯಿಲ್ಲದ ಕಡೆ 'ಕಿತು ಕಿದೋಗೊ', ಅಂದರೆ 'ಸಣ್ಣದೇನಾದರೂ' ಅನ್ನುವ ಮಾತು ಬರಬಹುದು. ಒಮ್ಮೆ ಕೊಟ್ಟರೆ ತಿಂಗಳಿಗೊಮ್ಮೆ ಬರುತ್ತಾರೆ. ಲಂಚ ಕೊಟ್ಟವರಿಗೂ ಶಿಕ್ಷೆ ಇದೆ, ಅದರಲ್ಲೂ ನಾವು ಪರ್ಮಿಟ್ ಮೇಲೆ ಇರುವವರು.

ತೆರಿಗೆಯ ದಿನಗಳು

ಮೊದಲ ತಿಂಗಳಿನಿಂದಲೇ ಒಬ್ಬ ಲೆಕ್ಕಿಗರನ್ನು ಇಟ್ಟುಕೊಳ್ಳಿ. ಆದರೂ ನಿಮಗೆ ಈ ಎರಡು ತಾರೀಕು ಬಾಯಿಪಾಠ ಇರಲಿ: ನೌಕರರ ಸಂಬಳದ ತೆರಿಗೆ ಮುಂದಿನ ತಿಂಗಳ 9ರೊಳಗೆ, ವ್ಯಾಟ್ (ಮಾರಾಟದ ಮೇಲಿನ ತೆರಿಗೆ) 20ರೊಳಗೆ. ವ್ಯಾಟ್ 16 ಶೇಕಡಾ. ವರ್ಷದ ವಹಿವಾಟು 50 ಲಕ್ಷ ಶಿಲಿಂಗ್ (ಇಲ್ಲಿನ ದುಡ್ಡು) ಮುಟ್ಟಿದರೆ ನೋಂದಣಿ ಕಡ್ಡಾಯ. ಕಂಪನಿ ಲಾಭದ ಮೇಲೆ 30 ಶೇಕಡಾ. ವ್ಯಾಪಾರ ಇಲ್ಲದ ತಿಂಗಳಲ್ಲೂ ಸೊನ್ನೆ ರಿಟರ್ನ್ ಸಲ್ಲಿಸಬೇಕು, ಇಲ್ಲದಿದ್ದರೆ ದಂಡ ಬೆಳೆಯುತ್ತಾ ಹೋಗುತ್ತದೆ.

ಇ-ಟಿಮ್ಸ್ ಅನ್ನುವ ಎಲೆಕ್ಟ್ರಾನಿಕ್ ಬಿಲ್ ವ್ಯವಸ್ಥೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 2024ರ ಜನವರಿಯಿಂದ ಆ ಬಿಲ್ ಇಲ್ಲದ ಖರ್ಚನ್ನು ತೆರಿಗೆ ಲೆಕ್ಕದಲ್ಲಿ ಕಳೆಯಲು ಬಿಡುವುದಿಲ್ಲ. ನಿಮಗೆ ಮಾಲು ಕೊಡುವವರು ಕೈಬಿಲ್ ಕೊಟ್ಟರೆ ನಷ್ಟ ನಿಮ್ಮದು.

ಮಾಲು, ಡಾಲರ್, ಸಾಲ

ಭಾರತದಿಂದ ಮಾಲು ತರಿಸುವುದಾದರೆ ಹಡಗು ಹತ್ತುವ ಮುಂಚೆಯೇ ಕೀನ್ಯಾದ ಗುಣಮಟ್ಟ ಮಂಡಳಿಯ ಪರವಾಗಿ ತಪಾಸಣೆ ಆಗಿ ಪ್ರಮಾಣಪತ್ರ ಸಿಕ್ಕಿರಬೇಕು. ಮಾಲು ಮೊಂಬಾಸಾ ಬಂದರು ಮುಟ್ಟಿದ ಮೇಲೆ ಇದು ನೆನಪಾದರೆ ದಂಡ, ಜೊತೆಗೆ ಬಂದರಿನ ಬಾಡಿಗೆ. ಸಾಗಣೆ ವಿಮೆಯನ್ನೂ ಕೀನ್ಯಾದ ವಿಮಾ ಕಂಪನಿಯಿಂದಲೇ ಮಾಡಿಸಬೇಕು.

ಡಾಲರಿನಲ್ಲಿ ಸಾಲ ಮಾಡಿ ಶಿಲಿಂಗ್‌ನಲ್ಲಿ ಮಾರುವುದು ಅಪಾಯ. 2024ರ ಜನವರಿಯಲ್ಲಿ ಒಂದು ಡಾಲರಿಗೆ 160 ಶಿಲಿಂಗ್ ಆಗಿತ್ತು. ಅದೇ ವರ್ಷದ ಕೊನೆಗೆ 130ರ ಹತ್ತಿರ ಬಂತು. 160ರಲ್ಲಿ ಗಾಬರಿಯಿಂದ ಡಾಲರ್ ಕೊಂಡು ಮಾಲು ತುಂಬಿಸಿದವರು ಆಮೇಲೆ ಬಂದ ಅಗ್ಗದ ಮಾಲಿನ ಜೊತೆ ಪೈಪೋಟಿ ಮಾಡಬೇಕಾಯಿತು. ನಾನು ಮೂರು ತಿಂಗಳಿಗಾಗುವಷ್ಟು ಮಾಲು ಮಾತ್ರ ತರಿಸುತ್ತೇನೆ.

ದೊಡ್ಡವರಿಗೂ ಸಾಲದ ಭಾರ ತಪ್ಪಿದ್ದಲ್ಲ. ನಮ್ಮ ಬೆಂಗಳೂರಿನ ಕರುತೂರಿ ಕಂಪನಿ 2007ರಲ್ಲಿ ನೈವಾಶಾ ಸರೋವರದ ಹತ್ತಿರ ಬಹುದೊಡ್ಡ ಗುಲಾಬಿ ತೋಟ ಕೊಂಡಿತು. 2014ರಲ್ಲಿ ಸಾಲ ಕೊಟ್ಟ ಬ್ಯಾಂಕ್ ಆ ತೋಟವನ್ನು ರಿಸೀವರ್‌ಗಳ, ಅಂದರೆ ಸಾಲ ವಸೂಲಿಗೆ ನೇಮಿಸಿದವರ ಕೈಗೆ ಒಪ್ಪಿಸಿತು. ನೈವಾಶಾ ಕಡೆ ಪಂಪ್ ರಿಪೇರಿಗೆ ಹೋದಾಗೆಲ್ಲ ನನಗೆ ಅದು ನೆನಪಾಗುತ್ತದೆ.

ಗಿರಾಕಿಗೆ ಕೊಡುವ ಸಾಲವೂ ಅಷ್ಟೇ. ಸೂಪರ್ ಮಾರ್ಕೆಟ್ ಒಂದು ನಿಮ್ಮ ಮಾಲನ್ನು ಶೆಲ್ಫ್‌ನಲ್ಲಿ ಇಡುತ್ತೇನೆ ಅಂದರೆ ಖುಷಿ ಆಗುವುದು ಸಹಜ. ಆದರೆ ನಕುಮಟ್, ಟಸ್ಕಿಸ್ ಎರಡೂ ಇಲ್ಲಿ ಮನೆಮಾತಾಗಿದ್ದ ದೊಡ್ಡ ಸರಣಿಗಳು. ಎರಡೂ ಮುಳುಗಿದವು. ನಕುಮಟ್ ಮುಚ್ಚಲು ಅದಕ್ಕೆ ಸಾಲ ಕೊಟ್ಟವರು ಮತ ಹಾಕಿದ್ದು 2020ರ ಜನವರಿಯಲ್ಲಿ. ಮಾಲು ಕೊಟ್ಟು ಕಾಯುತ್ತಿದ್ದ ಸಣ್ಣ ವ್ಯಾಪಾರಿಗಳ ಬಾಕಿಯೂ ಅದರ ಜೊತೆ ಮುಳುಗಿತು. ಮೊದಲ ಎರಡು ವರ್ಷ ಕೈಗೆ ಕಾಸು ಬಂದ ಮೇಲೆ ಮಾಲು ಅನ್ನುವ ಕಡೆಯೇ ಇರಿ.

ದುಡ್ಡು ಪಡೆಯಲು ಎಂ-ಪೆಸಾ ಇದೆ. ಇಲ್ಲಿನ ಮೊಬೈಲ್ ಕಂಪನಿ ಸಫಾರಿಕಾಮ್ ಇದನ್ನು 2007ರಲ್ಲಿ ಶುರು ಮಾಡಿತು, ನಮ್ಮಲ್ಲಿ ಯುಪಿಐ ಬರುವುದಕ್ಕೆ ಒಂಬತ್ತು ವರ್ಷ ಮೊದಲು. ತರಕಾರಿ ಮಾರುವ ಅಮ್ಮನಿಂದ ಹಿಡಿದು ಎಲ್ಲರೂ ಬಳಸುತ್ತಾರೆ. ಕಂಪನಿ ಹೆಸರಲ್ಲೇ ಟಿಲ್ ನಂಬರ್, ಅಂದರೆ ಗಿರಾಕಿ ದುಡ್ಡು ಹಾಕುವ ಅಂಗಡಿಯ ನಂಬರ್ ತೆಗೆದುಕೊಳ್ಳಿ. ಗಿರಾಕಿ ತೋರಿಸುವ ಮೆಸೇಜ್ ನೋಡಿ ಮಾಲು ಕೊಡಬೇಡಿ, ನಿಮ್ಮ ಫೋನಿಗೆ ಬಂತಾ ನೋಡಿ.

ಜೊತೆಗೆ ಕೆಲಸ ಮಾಡುವವರು

ಮೂರು ತಿಂಗಳು ಅಥವಾ ಅದಕ್ಕಿಂತ ಜಾಸ್ತಿ ಕೆಲಸಕ್ಕೆ ಇಟ್ಟುಕೊಂಡರೆ ಲಿಖಿತ ಕರಾರು ಬೇಕು. ನೌಕರ ಒಪ್ಪದೆ ಪರೀಕ್ಷಾ ಅವಧಿ ಆರು ತಿಂಗಳು ಮೀರಬಾರದು, ವರ್ಷಕ್ಕೆ 21 ದಿನ ಸಂಬಳದ ರಜೆ. ಸಂಬಳದಿಂದ ಆರೋಗ್ಯ ನಿಧಿಗೆ 2.75 ಶೇಕಡಾ, ವಸತಿ ಲೆವಿಗೆ 1.5 ಶೇಕಡಾ ಹಿಡಿಯಬೇಕು. ವಸತಿ ಲೆವಿಗೆ ನೀವೂ 1.5 ಶೇಕಡಾ ಸೇರಿಸಬೇಕು. ಯಾರನ್ನಾದರೂ ತೆಗೆಯುವ ಮುಂಚೆ ಅವರ ಮಾತನ್ನು ಕೇಳಲೇಬೇಕು, ಅವರು ತಮ್ಮ ಜೊತೆ ಒಬ್ಬ ಸಹೋದ್ಯೋಗಿಯನ್ನು ಕರೆತರಬಹುದು. ಸಿಟ್ಟಿನಲ್ಲಿ "ನಾಳೆಯಿಂದ ಬರಬೇಡ" ಅಂದವರು ಕಾರ್ಮಿಕ ನ್ಯಾಯಾಲಯದಲ್ಲಿ ತಿಂಗಳುಗಟ್ಟಲೆ ಸಂಬಳ ಕಟ್ಟಿದ್ದಾರೆ.

ಕಾನೂನಿನ ಆಚೆಗೂ ಒಂದಿಷ್ಟು ಇದೆ. ಸಾವು, ಮದುವೆ, ಆಸ್ಪತ್ರೆ ಅಂದರೆ ಇಲ್ಲಿ ಎಲ್ಲರೂ ಸೇರಿ ದುಡ್ಡು ಹಾಕುತ್ತಾರೆ. 'ಹರಾಂಬೆ' ಅನ್ನುತ್ತಾರೆ. ನಿಮ್ಮ ಹುಡುಗನ ಅಜ್ಜಿ ತೀರಿಕೊಂಡಾಗ ಅವನು ಊರಿಗೆ ಹೋಗುತ್ತಾನೆ, ನೀವು ಕೈಲಾದಷ್ಟು ಕೊಡಬೇಕು. ನಮ್ಮ ಹಳ್ಳಿಯಲ್ಲಿ ಮುಯ್ಯಿ ಇಲ್ವಾ, ಹಾಗೇ. ನಾನು ಪ್ರತಿ ತಿಂಗಳು ಅದಕ್ಕಂತಲೇ ಸ್ವಲ್ಪ ಎತ್ತಿಡುತ್ತೇನೆ. ಜನವರಿಯಲ್ಲಿ ಎಲ್ಲರೂ ಮುಂಗಡ ಕೇಳುತ್ತಾರೆ. ಡಿಸೆಂಬರ್ ಹಬ್ಬದಲ್ಲಿ ಕೈ ಖಾಲಿ, ಜನವರಿಯಲ್ಲಿ ಹೊಸ ಶಾಲೆ ವರ್ಷದ ಫೀಸು. ಹಸಿವಿನ ತಿಂಗಳು ಅಂತ ಅದಕ್ಕೆ 'ನ್ಜಾನುವರಿ' ಅಂತ ಹೆಸರೇ ಇಟ್ಟಿದ್ದಾರೆ. ಆ ತಿಂಗಳು ವ್ಯಾಪಾರವೂ ತಣ್ಣಗಿರುತ್ತದೆ. ಹಾಗಾಗಿ ಅಂಗಡಿ ಉದ್ಘಾಟನೆಯನ್ನು ಜನವರಿಗೆ ಇಟ್ಟುಕೊಳ್ಳಬೇಡಿ.

ಕೊನೆಯದಾಗಿ ಗಿರಾಕಿ. ನಾನು ಬೋರ್ಡ್ ಬರೆಸಿ ಐದು ವಾರ ಕೂತಿದ್ದೆ, ದಿನಕ್ಕೆ ಒಬ್ಬರೋ ಇಬ್ಬರೋ ಬರುತ್ತಿದ್ದರು. ಆಮೇಲೆ ಅರ್ಥವಾಯಿತು, ಪಂಪ್ ಕೊಳ್ಳುವುದು ರೈತನಾದರೂ ಎಲ್ಲಿ ಕೊಳ್ಳಬೇಕು ಅಂತ ಹೇಳುವುದು 'ಫುಂಡಿ'. ಮೇಸ್ತ್ರಿ, ಮೆಕ್ಯಾನಿಕ್, ಪ್ಲಂಬರ್ ಎಲ್ಲರೂ ಇಲ್ಲಿ ಫುಂಡಿಗಳೇ. ಬಿಸಿಲಲ್ಲಿ, ರಸ್ತೆ ಬದಿಯಲ್ಲಿ ದುಡಿಯುವ ಈ ಜನರ ಲೋಕಕ್ಕೆ 'ಜುವಾ ಕಾಲಿ' ಅನ್ನುತ್ತಾರೆ, ಅಂದರೆ ಕಡು ಬಿಸಿಲು. ನಾನು ಶನಿವಾರ ಮಧ್ಯಾಹ್ನ ಅಂಗಡಿಯ ಮುಂದೆ ಒಂದು ಸುಟ್ಟ ಮೋಟಾರ್ ಬಿಚ್ಚಿ ವೈಂಡಿಂಗ್ ಮಾಡಿ ತೋರಿಸಲು ಶುರು ಮಾಡಿದೆ. ಚಹಾ ಇಡುತ್ತಿದ್ದೆ, ಹಾಲು ಜಾಸ್ತಿ ಹಾಕಿದ ಕೀನ್ಯಾ ಚಹಾ. ಮೊದಲ ವಾರ ಮೂರು ಜನ ಫುಂಡಿಗಳು ಬಂದರು. ಅವರಲ್ಲಿ ಒಬ್ಬ ಮಾಚಾಕೋಸ್ ಕಡೆಯವನು ಎರಡು ದಿನ ಬಿಟ್ಟು ಒಬ್ಬ ರೈತನನ್ನು ಕರೆದುಕೊಂಡು ಬಂದ. ಮಾರ್ಚ್‌ನಲ್ಲಿ ಬರಬೇಕಾದ ದೊಡ್ಡ ಮಳೆ ಆ ವರ್ಷ ತಡವಾಗಿತ್ತು. ಎರಡು ಪಂಪ್, ನಲವತ್ತು ಮೀಟರ್ ಪೈಪ್, ದುಡ್ಡು ನೇರ ಕಂಪನಿಯ ಟಿಲ್ ನಂಬರಿಗೆ ಬಂತು. ಬಿಲ್‌ನಲ್ಲಿ ಮಾಲೀಕರ ಜಾಗದಲ್ಲಿ ನನ್ನ ಹೆಸರೇ ಇತ್ತು. ಅದರ ಫೋಟೋ ತೆಗೆದು ಭಾವನಿಗೆ ಕಳಿಸಿದೆ.